ಕೆಂಪಿಯ ಮಾತುಪಾಲಕ

ಕೆಂಪಿ ಉಸಿರು ಬಿಟ್ಟಳು. ನಾಲ್ಕೂ ಚಕ್ರಗಳಿಂದ, ಒಂದೊಂದರಿಂದ ಒಂದೊಂದು ಬಗೆಯಲ್ಲಿ. ಮುಂದಿನ ಎಡಗಡೆಯದು ಹಿಟ್ಟಿನಂತಹ ಮರಳಿಗೆ ಇಳಿದಿತ್ತು. ಅದು ಉಳಿದವಕ್ಕಿಂತ ಹೆಚ್ಚು ಗಾಳಿ ಹೊರಹಾಕಿ, ಒಂಟೆಯ ಪಾದದ ಹಾಗೆ ಅಗಲವಾಗಿ ಊರಿಕೊಂಡಿತು. ಆಮೇಲೆ ಆ ಕೆಂಪು ಪಿಕಪ್ ದಿಬ್ಬವನ್ನು ಹೂತುಕೊಳ್ಳದೆ, ಗುದ್ದಾಡದೆ ಹತ್ತಿ ತುದಿಯಲ್ಲಿ ನಿಂತಿತು.

"ನೋಡ್ರಿ ಮತ್ತ!" ಎಂದು ಫಕೀರೇಶ ಸ್ಟೇರಿಂಗಿಗೆ ಹೊಡೆದ. "ನಾ ಕೈನೂ ಹಚ್ಚಿಲ್ಲ."

ಪಕ್ಕದಲ್ಲಿ ಕೂತಿದ್ದ ಪರೀಕ್ಷಕಿ ಹಂಜಾ ರತ್ನು ಗಡಿಯಾರ ನೋಡಿಕೊಂಡಳು. ಮರುಭೂಮಿ ಸಂಚಾರ ಮಂಡಳಿ ಅವಳನ್ನು ಕಳಿಸಿದ್ದು ಮೆಚ್ಚುವುದಕ್ಕಲ್ಲ. ಹಿಂದಿನ ಬೇಸಿಗೆಯಲ್ಲಿ ಥಾರ್ ಮರುಭೂಮಿಯ ಒಳಗೆ ಹೋದ ಗಾಡಿಗಳು ಸಾಲಾಗಿ ಹೂತುಹೋಗಿ, ಅವನ್ನು ಎಳೆಯಲು ಹೋದವರೂ ಸಿಕ್ಕಿಬಿದ್ದಿದ್ದರು. ಇನ್ನು ಮೇಲೆ ಎಲ್ಲ ಸಾಮಾನನ್ನೂ ಡ್ರೋನಿನ ಹಾರುಪೆಟ್ಟಿಗೆಗಳೇ ಆಕಾಶದಿಂದ ಇಳಿಸಲಿ, ಚಕ್ರದ ಗಾಡಿಗಳಿಗೆ ಮರಳಿನ ದಾರಿಯೇ ಬೇಡ ಎಂಬುದು ಮಂಡಳಿಯ ವಿಚಾರ. ಕೊನೆಯದೊಂದು ಅವಕಾಶ ಕೊಟ್ಟಿದ್ದರು: ಸೂರ್ಯ ಮುಳುಗುವುದರೊಳಗೆ ಕೆಂಪಿ ಮರಳಿನಾಚೆಯ ದೇಡಾಸರ ಹಳ್ಳಿಯ ಕೆರೆ ಮುಟ್ಟಬೇಕು. ಮುಟ್ಟದಿದ್ದರೆ ದಾರಿ ಮುಚ್ಚುತ್ತದೆ, ದಾರಿಯ ಜೊತೆ ಫಕೀರೇಶನ ಗ್ಯಾರೇಜೂ.

ಫಕೀರೇಶ ಶಿರಹಟ್ಟಿಯವನು. ಗದಗಿನ ಕಡೆಯಿಂದ ಗಾಳಿಯಂತ್ರದ ರೆಕ್ಕೆಗಳನ್ನು ಉದ್ದನೆಯ ಲಾರಿಯಲ್ಲಿ ಹೇರಿಕೊಂಡು ಈ ಸೀಮೆಗೆ ಬಂದವನು ಮರಳಿನ ಮೋಹಕ್ಕೆ ಬಿದ್ದು ಇಲ್ಲೇ ಉಳಿದಿದ್ದ. ಕೆಂಪಿಯನ್ನು ಅವನು ಸಿದ್ಧಪಡಿಸಿದ್ದು ಮದುವೆಯ ಮನೆ ಸಿದ್ಧಪಡಿಸುವ ಸಂಭ್ರಮದಲ್ಲಿ. ಹಳೆಯ ಸ್ಪ್ರಿಂಗ್ ಪಟ್ಟಾಗಳನ್ನು ಬಿಚ್ಚಿ, ಹೊಟ್ಟೆ ದಿಬ್ಬಕ್ಕೆ ತಾಗದಷ್ಟು ಎತ್ತರದ ಹೊಸ ಪಟ್ಟಾ ಕೂರಿಸಿದ. ಮೋಟಾರಿಗೆ ತಂಪು ಗಾಳಿ ಎಳೆಯುವ ಕೊಳವೆಯನ್ನು ದೂಳು ಮುಟ್ಟದಂತೆ ಚಾವಣಿಯವರೆಗೆ ಏರಿಸಿದ. ನೀರಿನ ಡ್ರಮ್ಮುಗಳನ್ನು ಆದಷ್ಟು ಕೆಳಗೆ ಕಟ್ಟಿದ, ಭಾರ ಮೇಲಿದ್ದರೆ ಅಡ್ಡದಿಬ್ಬದಲ್ಲಿ ಗಾಡಿ ಮಗುಚುತ್ತದೆ. ಪಕ್ಕಗಳಿಗೆ ತೂತಿನ ಹಲಗೆಗಳನ್ನು ಸಿಕ್ಕಿಸಿದ, ಹೂತ ಚಕ್ರದ ಕೆಳಗೆ ತುರುಕಲು. ಮೂತಿಗೆ, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಎಳೆರಾಟೆ.

ಉಳಿದದ್ದು ಹಿಂದಿನ ಸೀಟಿನಲ್ಲಿ ಕೂತಿದ್ದ ಮಂದಾಕಿನಿಯ ಕೆಲಸ. ಮೈಸೂರಿನ ಈ ವಿಜ್ಞಾನಿ ಮರಳನ್ನು ಮುಟ್ಟಿ ಗುರುತಿಸುವ 'ಮರಳರಿವು ಚಕ್ರ'ಗಳನ್ನು ಮೊದಲು ಮಾಡಿದಳು. ಆದರೆ ಅವಳ ನಿಜವಾದ ಹೆಮ್ಮೆ ಮಾತುಪಾಲಕ. ಮರುಭೂಮಿಯಲ್ಲಿ ಜನ ಸಾಯುವುದು ಗಾಡಿ ಕೆಟ್ಟಿದ್ದಕ್ಕಲ್ಲ, ಹೇಳಿದ್ದೊಂದು ಮಾಡಿದ್ದೊಂದು ಆಗುವುದಕ್ಕೆ ಎಂದು ಅವಳ ವಾದ. ಆದ್ದರಿಂದ ಚಾಲಕ ಎಲ್ಲಿಗೆ ಹೋಗುತ್ತೇನೆ, ಎಲ್ಲಿಗೆ ಬರುತ್ತೇನೆ ಎನ್ನುವ ಪ್ರತಿಯೊಂದು ಮಾತನ್ನೂ ಈ ಯಂತ್ರ ಕೇಳಿಸಿಕೊಂಡು, ಅದಕ್ಕೆ ಬೇಕಾದ ನೀರು, ಗಾಳಿ, ಬ್ಯಾಟರಿಯ ಶಕ್ತಿಯ ಲೆಕ್ಕ ಹಾಕುತ್ತದೆ. ಬಿಸಿಲಿಗೆ ತಲೆ ಕೆಟ್ಟ ಚಾಲಕ ಮನಸ್ಸು ಬದಲಿಸಿದರೆ ಒಪ್ಪುವುದಿಲ್ಲ. ಆಡಿದ್ದನ್ನು ತಾನೇ ನಡೆಸಿಬಿಡುತ್ತದೆ. ತಪ್ಪು ತಿಳಿವಳಿಕೆ ಆಗಬಾರದೆಂದು ಅದಕ್ಕೆ ಫಕೀರೇಶನ ಕನ್ನಡವನ್ನೇ ಅರ್ಥಮಾಡಿಕೊಳ್ಳಲು ಕಲಿಸಿದ್ದರು. ನಿರ್ಜನ ದಿಬ್ಬಗಳಲ್ಲಿ ಎಷ್ಟೋ ಸಲ ಓಡಿಸಿ ನೋಡಿದ್ದರು, ಒಮ್ಮೆಯೂ ತಪ್ಪಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಢಾಣಿ ಸಿಕ್ಕಿತು. ನಾಲ್ಕೈದು ದುಂಡು ಗುಡಿಸಲುಗಳ ವಸತಿ. ಗಾಳಿಕೊಳವೆಯ ಜಾಲರಿಯನ್ನು ಜಾಡಿಸಲು ಅಲ್ಲಿ ನಿಂತರು. ಜಮನಾಬಾಯಿ ಎಂಬ ಮುದುಕಿ ತಾನೇ ಬಂದು ಮಜ್ಜಿಗೆ ಕೊಟ್ಟಳು. ಫಕೀರೇಶ ಎರಡು ಲೋಟ ಕುಡಿದು, ಮೀಸೆ ಒರೆಸಿ, ಹಿಂದಿಯಲ್ಲಿ ಕ್ಷೇಮ ಕೇಳಿ, ಹೊರಡುವಾಗ ಕೈ ಮುಗಿದ. ಮತ್ತೆ ಗಾಡಿ ಹತ್ತಿದರು.

ದೊಡ್ಡ ದಿಬ್ಬದ ನೆತ್ತಿಯಲ್ಲಿ ಕೆಂಪಿ ನಿಂತಳು. ಅರ್ಧ ಸುತ್ತು ಹೊರಳಿದಳು. ಬಂದ ದಾರಿ ಹಿಡಿದು ಓಡತೊಡಗಿದಳು.

"ಏ! ಏ ಕೆಂಪಿ! ಎಲ್ಲಿಗವಾ?" ಫಕೀರೇಶ ಸ್ಟೇರಿಂಗನ್ನು ತಿರುವಿದ. ಅದು ಮಕ್ಕಳ ಆಟಿಕೆಯಂತೆ ಸುಮ್ಮನೆ ತಿರುಗಿತು.

ಮಾತುಪಾಲಕ ಪಾಠಪುಸ್ತಕದ ಕನ್ನಡದಲ್ಲಿ ಹೇಳಿತು: "ತಾವು ಜಮನಾಬಾಯಿಯವರಿಗೆ ಬರುತ್ತೇನೆ ಎಂದಿದ್ದೀರಿ. ಈ ದಿಬ್ಬ ದಾಟಿದರೆ ಇಂದು ಹಿಂದಿರುಗುವ ಖಾತರಿ ಇಲ್ಲ. ಆದ್ದರಿಂದ ಈಗಲೇ ಹೋಗುತ್ತಿದ್ದೇವೆ."

"ನಾ ಯಾವಾಗ ಹಂಗ ಅಂದೆ?"

ಯಂತ್ರ ಅವನದೇ ದನಿಯನ್ನು ಕೇಳಿಸಿತು. "ಬರ್ತೀನ್ರೀ ಯವ್ವಾ!"

ಹಿಂದಿನ ಸೀಟಿನಲ್ಲಿ ಮಂದಾಕಿನಿ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ, ಬರ್ತೀನಿ ಅಂದ್ರೆ ಹೊರಟೆ ಅಂತ ಅರ್ಥ. ಅದನ್ನ ಇದಕ್ಕೆ ಹೇಳೇ ಇಲ್ವಲ್ರೀ ಫಕೀರೇಶಪ್ಪ! ದಿನಾ ಸಂಜೆ ಗ್ಯಾರೇಜಿಂದ ಹೊರಡೋವಾಗ ನಾನೂ ಅದನ್ನೇ ಅಂತಿದ್ದೆ."

"ನೀವು ಮರುದಿನ ಬರ್ತಿದ್ರಿ ಅಲ್ರೀ ಅಕ್ಕಾರ. ಅದಕ್ಕ ಅದು ಖರೇ ಅಂತ ತಿಳ್ಕೊಂಡೈತಿ."

"ಏನಾಯಿತು?" ಎಂದು ಹಂಜಾ ಹಿಂದಿಯಲ್ಲಿ ಕೇಳಿದಳು. ಫಕೀರೇಶ ವಿವರಿಸಿದ. ತಮ್ಮ ಕಡೆ ಹೋಗುವಾಗ ಬರ್ತೀನಿ ಎನ್ನುತ್ತಾರೆ.

"ಬರುವಾಗ?"

"ಆಗಲೂ ಬರ್ತೀನಿ ಅಂತಲೇ."

"ನಿಜವಾಗಿ ಹೋಗಿಯೇಬಿಡುವಾಗ?"

ಫಕೀರೇಶ ಗಾಬರಿಯಿಂದ ಅವಳನ್ನು ನೋಡಿದ. "ಹಾಗೆ ಯಾರೂ ಹೇಳುವುದಿಲ್ಲ ಮೇಡಂ."

ಹಂಜಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಕುಲುಕುತ್ತಿದ್ದದ್ದು ಗಾಡಿಯ ಕುಲುಕಾಟಕ್ಕೋ ನಗುವಿಗೋ ಗೊತ್ತಾಗಲಿಲ್ಲ.

ಢಾಣಿಯಲ್ಲಿ ಜಮನಾಬಾಯಿ ಲೋಟಗಳನ್ನು ಮರಳಿನಲ್ಲಿ ಉಜ್ಜುತ್ತಿದ್ದಳು. ಗಾಡಿ ಕಂಡು ಎದ್ದು ನಿಂತಳು. "ಏನು ಮರೆತಿರಿ ಬೇಟಾ?"

"ಏನೂ ಇಲ್ಲ ಮಾಜೀ. ಬರ್ತೀನಿ ಅಂದಿದ್ದೆ, ಬಂದೆ."

ಮುದುಕಿ ಇಷ್ಟಗಲ ಬಾಯಿ ತೆರೆದು ನಕ್ಕಳು. ಇಲ್ಲಿಗೆ ಬಂದವರೆಲ್ಲ ಮತ್ತೆ ಬರುತ್ತೇವೆ ಅನ್ನುತ್ತಾರಂತೆ. ಬಂದವನನ್ನು ಅವಳು ನೋಡಿದ್ದು ಇದೇ ಮೊದಲು. ಎಲ್ಲಿಗೆ ಹೊರಟಿರಿ ಎಂದು ವಿಚಾರಿಸಿದಳು. ದೇಡಾಸರ ಎಂದ ಕೂಡಲೇ ಲೋಟಗಳನ್ನು ಅಲ್ಲೇ ಬಿಟ್ಟು ಗಾಡಿಯ ಬಳಿಗೆ ಬಂದಳು. ಅಲ್ಲಿ ಅವಳ ತಂಗಿಯಿದ್ದಾಳೆ. ಒಂಟೆ ಸತ್ತಂದಿನಿಂದ ಭೇಟಿಯಿಲ್ಲ. ಹಾರುಪೆಟ್ಟಿಗೆ ಔಷಧಿ ತರುತ್ತದೆ, ಸಕ್ಕರೆ ತರುತ್ತದೆ, ಆದರೆ ಇಲ್ಲಿಂದ ಏನನ್ನೂ ಒಯ್ಯುವುದಿಲ್ಲ, ಮನುಷ್ಯರನ್ನಂತೂ ಹತ್ತಿಸಿಕೊಳ್ಳುವುದೇ ಇಲ್ಲ.

ಯಾರೂ ಕರೆದಿರಲಿಲ್ಲ, ಯಾರಾದರೂ ಬೇಡ ಎನ್ನುವಷ್ಟರಲ್ಲಿ ಜಮನಾಬಾಯಿ ತಾನು ನೇಯ್ದ ಎರಡು ಉಣ್ಣೆಯ ಹೊದಿಕೆಗಳನ್ನು ಕಂಕುಳಲ್ಲಿಟ್ಟುಕೊಂಡು, ಒಂದು ಮೇಕೆಮರಿಯನ್ನು ಹಂಜಾಳ ಮಡಿಲಿಗೆ ಹಾಕಿ, ಹಿಂದಿನ ಸೀಟು ಏರಿ ಕೂತಿದ್ದಳು. ಬಾಗಿಲಲ್ಲಿ ಸೊಸೆ ಸುಗನಾ ಸೆರಗು ಹಿಡಿದು ನಿಂತಳು.

ಫಕೀರೇಶ ಕೈ ಮುಗಿದ. "ಬರ್—"

ಮಂದಾಕಿನಿ ಅಂಗೈಯಿಂದ ಅವನ ಬಾಯಿ ಮುಚ್ಚಿದಳು. "ಸುಮ್ನಿರಿ ಮಾರಾಯ್ರೆ! ಮತ್ತೆ ದಿಬ್ಬದ ಮೇಲಿಂದ ವಾಪಸ್ ಬರುತ್ತೆ. ಹೊತ್ತು ಇಳೀತಾ ಇದೆ. ಬಂದದ್ದಾಯ್ತು, ಈಗ ನೆಟ್ಟಗೆ ಹೋಗ್ತೀನಿ ಅನ್ನಿ. ಒಂದೇ ಮಾತು."

"ಏನೂ ಅನ್ನದ ಹೊಂಟ್ರ?"

"ಗಾಡಿ ಕದಲಲ್ಲ. ಮನುಷ್ಯರ ಹತ್ತಿರ ಹೇಳದೆ ಹೊರಡೋದು ಅಪಾಯ ಅಂತ ನಾನೇ ಬೀಗ ಹಾಕಿಟ್ಟಿದ್ದೀನಿ."

ಫಕೀರೇಶ ಗುಡಿಸಲಿನ ಮುಂದೆ ನಿಂತ. ಗಂಟಲು ಸರಿಮಾಡಿಕೊಂಡ. ಪಶ್ಚಿಮದ ಕಡೆ ನೋಡಿದ. ಗ್ಯಾರೇಜು, ಕೆಂಪಿ, ತನ್ನ ಮರಳು, ಎಲ್ಲವೂ ಒಂದು ಶಬ್ದದ ಆಚೆಗಿತ್ತು. "ಹೋ..." ಎಂದ. ತಿರುಗಿ ಬಂದ.

"ಆಗೂದಿಲ್ರಿ ಅಕ್ಕಾರ. ಅವರ ಮನಿ ಹಿರೇ ಜೀವಾನ ಗಾಡ್ಯಾಗ ಕುಂದ್ರಿಸ್ಕೊಂಡು, ಆ ಸೊಸಿ ಮುಂದ ನಿಂತು ಹೋಗ್ತೀವಿ ಅಂತ ಹೆಂಗ ಅನ್ನಲಿ? ನಮ್ಮವ್ವ ಕೇಳಿದ್ರ ಬಾಯಿಗೆ ಬೂದಿ ಬಡೀತಾಳ. ನೀವ ಅನ್ರಿ ಬೇಕಾದ್ರ."

"ಅದರಲ್ಲೇನಿದೆ, ಬರೀ ಶಬ್ದ" ಎಂದು ಮಂದಾಕಿನಿ ಇಳಿದಳು. ಸುಗನಾಳ ಎದುರು ನಿಂತಳು. ಬಾಯಿ ತೆರೆದಳು. ಭೌತಶಾಸ್ತ್ರದಲ್ಲಿ ಎರಡು ಪದವಿ ಪಡೆದ ಆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. "ಥೂ, ನನ್ನ ಕೈಲೂ ಆಗ್ತಿಲ್ಲ" ಎಂದು ಹಿಂದಿರುಗಿದಳು.

ಇಬ್ಬರು ಓದುಬರಹ ಬಲ್ಲವರು ತನ್ನ ಮುಂದೆ ಸರದಿಯಲ್ಲಿ ಬಂದು ಬಾಯಿ ತೆರೆದು ಮುಚ್ಚುವುದನ್ನು ಕಂಡ ಸುಗನಾಳಿಗೆ ಏನೂ ಅರ್ಥವಾಗಲಿಲ್ಲ. ತನಗೆ ಬೇಕಾದದ್ದನ್ನು ಅವಳು ಕೇಳಿದಳು. "ಅತ್ತೆಯನ್ನು ವಾಪಸು ಯಾವತ್ತು ಕರಕೊಂಡು ಬರುತ್ತೀರಿ?"

"ಸ್ವಾಮ್ವಾರ ಬರ್ತೀವ್ರೀ ಯವ್ವಾ!" ಫಕೀರೇಶ ಯೋಚಿಸದೆ ತನ್ನ ಭಾಷೆಯಲ್ಲೇ ಕೂಗಿದ. ಆಮೇಲೆ ನಾಲಿಗೆ ಕಚ್ಚಿಕೊಂಡು ಹಿಂದಿಯಲ್ಲಿ ಹೇಳಿದ.

ಕೆಂಪಿಯ ದೀಪಗಳು ಹೊತ್ತಿಕೊಂಡವು. "ಸೋಮವಾರ. ಅಷ್ಟರಲ್ಲಿ ಬಿಸಿಲಿನಿಂದ ಶಕ್ತಿ ತುಂಬಿಕೊಳ್ಳಬಹುದು. ದೇಡಾಸರಕ್ಕೆ ಹೊರಡೋಣವೇ?"

ಮಂದಾಕಿನಿ ಕೇಕೆ ಹಾಕಿದಳು. ದಿನ ಹೇಳಿದರೆ ಸಾಕಿತ್ತು! ದಿನವಿಲ್ಲದ ಬರ್ತೀನಿಯನ್ನು ಯಂತ್ರ ಈಗಲೇ ಎಂದುಕೊಳ್ಳುತ್ತಿತ್ತು, ಮನುಷ್ಯರು ಎಂದೂ ಇಲ್ಲ ಎಂದುಕೊಳ್ಳುತ್ತಿದ್ದರು.

ಕೆಂಪಿ ಆ ಸಂಜೆ ಓಡಿದ ಹಾಗೆ ಯಾವ ಒಂಟೆಯೂ ಓಡಿರಲಿಕ್ಕಿಲ್ಲ. ಉಸಿರು ಬಿಟ್ಟು ಏರಿದಳು, ಉಸಿರು ತುಂಬಿಕೊಂಡು ಇಳಿದಳು. ಹಿಂದೆ ಜಮನಾಬಾಯಿ ಮದುವೆಯ ಹಾಡು ಹೇಳುತ್ತಿದ್ದಳು. ಸೂರ್ಯ ಮರಳಿನ ಅಂಚಿಗೆ ಗಲ್ಲ ಊರಿದಾಗ ಮುಂದಿನ ಚಕ್ರಗಳು ದೇಡಾಸರದ ಕೆರೆಯ ಒದ್ದೆ ದಂಡೆಯನ್ನು ಮುಟ್ಟಿದವು.

ಅಕ್ಕತಂಗಿಯರು ಅಪ್ಪಿಕೊಳ್ಳಲಿಲ್ಲ, ಮೊದಲು ಜಗಳವಾಡಿದರು. ನೀನೇಕೆ ಬರಲಿಲ್ಲ, ನೀನೇಕೆ ಬರಲಿಲ್ಲ ಎಂದು ಕೂಗಾಡಿ, ಕೂಗಾಟ ಮುಗಿಯುವ ಮೊದಲೇ ಒಂದೇ ಹೊದಿಕೆಯೊಳಗೆ ಸೇರಿಕೊಂಡರು. ಗಾಡಿಯ ಸುತ್ತ ಊರು ನೆರೆಯಿತು. ಇದು ಬರುವ ಗಾಡಿ ಮಾತ್ರವಲ್ಲ, ಮತ್ತೆ ಬರುವ ಗಾಡಿ ಎಂಬ ಸುದ್ದಿ ಮುದುಕಿಯ ಬಾಯಿಂದ ಹಬ್ಬಿಯಾಗಿತ್ತು. ಒಬ್ಬನಿಗೆ ಪೇಟೆಯ ಶಾಲೆಯಲ್ಲಿ ಓದುವ ಮಗಳನ್ನು ನೋಡಬೇಕಿತ್ತು. ಇನ್ನೊಬ್ಬಳಿಗೆ ಉಣ್ಣೆ ಕಳಿಸಬೇಕಿತ್ತು. ಎಲ್ಲರೂ ಕೇಳಿದ್ದು ಒಂದನ್ನೇ, ಯಾವ ದಿನ?

ಫಕೀರೇಶ ಒಬ್ಬೊಬ್ಬರಿಗೂ ದಿನ ಹೇಳುತ್ತಾ ಹೋದ. ಕೆಂಪಿ ಒಂದೊಂದನ್ನೂ ಉಚ್ಚರಿಸಿ ಒಪ್ಪಿಕೊಳ್ಳುತ್ತಾ ಹೋದಳು.

"ಇದನ್ನ ಊರಿಗೆ ಹೋದ ಕೂಡಲೇ ಸರಿಪಡಿಸ್ತೀನಿ" ಎಂದು ಮಂದಾಕಿನಿ ಗೊಣಗಿದಳು. ಸ್ವಲ್ಪ ಹೊತ್ತು ನೋಡಿ, "ಬೇಡ ಬಿಡಿ" ಎಂದಳು.

ಅಷ್ಟರಲ್ಲಿ ಹಂಜಾಳ ಫೋನು ಗುನುಗಿತು. ಮಂಡಳಿಯವರು. ಗಾಡಿ ಮುಟ್ಟಿತೇ? ಮುಟ್ಟಿತು. ಹಾಗಾದರೆ ಹೇಳಿದ ಕಡೆಗೆಲ್ಲ ಹೋಗಿಬಂದು ಗಾಡಿಯ ಪ್ರವಾಸ ಪೂರ್ತಿಯಾದ ಮೇಲೆ ತೀರ್ಪು ಕೊಡಿ, ನಿಯಮ ಹಾಗಿದೆ, ಅಲ್ಲಿಯವರೆಗೆ ದಾರಿ ಮುಚ್ಚುವಂತಿಲ್ಲ. ಪೂರ್ತಿಯಾಗುವುದು ಯಾವಾಗ?

ಹಂಜಾ ಮಡಿಲಲ್ಲಿ ನಿದ್ದೆಹೋಗಿದ್ದ ಮೇಕೆಮರಿಯ ಕಿವಿ ಸವರುತ್ತಾ ಫಕೀರೇಶನ ಕಡೆ ನೋಡಿದಳು. ಅವನ ಸುತ್ತ ಜನ ಇನ್ನೂ ಹೆಚ್ಚಿದ್ದರು.

"ಹೇಳುವುದು ಕಷ್ಟ ಸರ್" ಎಂದಳು. "ಆತ ಇನ್ನೂ ಮಾತಾಡುತ್ತಿದ್ದಾನೆ."