ಹುಲ್ಲುಹಾಸಿನ ಮೇಲೆ ಹಳದಿ ಹೆಜ್ಜೆಗಳು

ಶನಿವಾರ ಬೆಳಿಗ್ಗೆ ಹಾಲು ತರಲು ಇಳಿದ ಕೃಪಾ ಹುಲ್ಲುಹಾಸಿನ ಅಂಚಿನಲ್ಲೇ ನಿಂತುಬಿಟ್ಟಳು. ಹಸಿರಿನ ನಡುವೆ ಹಳದಿ ಹೆಜ್ಜೆಗಳು ಎದ್ದಿದ್ದವು. ಮಣ್ಣಿನ ಗುರುತಲ್ಲ, ಬಣ್ಣವೂ ಅಲ್ಲ. ಪಾದದ ಆಕಾರದಷ್ಟೇ ಹುಲ್ಲು ಸತ್ತಿತ್ತು. ಹಿಮ್ಮಡಿ, ಮುಂಗಾಲಿನ ಉಬ್ಬು, ಐದು ಬೆರಳು. ಅವು ಮುನಿಕೃಷ್ಣನ ಮನೆ ಹಿಂದಿನ, ಪೂರ್ತಿ ಒಣಗಿದ ಹಳೆಯ ಹುಲ್ಲಿನ ಪಟ್ಟಿಯಿಂದ ಹೊರಟು, ಹಸಿರಿನ ಮೇಲೆ ಪಂಪ್ ಮನೆಯತ್ತ ಹೋಗಿ, ಅರ್ಧ ದಾರಿಯಲ್ಲಿ ಮಸುಕಾಗಿ ಇಲ್ಲವಾಗಿದ್ದವು. ಹಿಂದಿರುಗಿದ ಹೆಜ್ಜೆಗಳಿರಲಿಲ್ಲ.

ಬ್ರೂಕ್‌ಫೀಲ್ಡ್‌ನ ಆ ಬಡಾವಣೆಯಲ್ಲಿ ಇದ್ದದ್ದು ಹದಿನೆಂಟು ಮನೆ. ವಾರದ ಹಿಂದೆ ಅಲ್ಲಿ ಕಳವಾಗಿತ್ತು. ಮೂಲ ಊರಿನವರ ದೇವತೆ ಮುತ್ಯಾಲಮ್ಮನ ಬೆಳ್ಳಿ ಮುಖವಾಡ ಅವರಲ್ಲೇ ವರ್ಷಕ್ಕೊಂದು ಮನೆಯಲ್ಲಿ ಇರುತ್ತಿತ್ತು. ಈ ವರ್ಷ ಮುನಿಕೃಷ್ಣನ ಮನೆ, ಬರುವ ಯುಗಾದಿಗೆ ಅವನ ದಾಯಾದಿ ನಲ್ಲಪ್ಪನ ಮನೆಗೆ ಹೋಗಬೇಕಿತ್ತು. ಆ ಶುಕ್ರವಾರ ಬೆಳಿಗ್ಗೆ ತಾನೇ ಪೂಜೆ ಮಾಡಿ, ಸಂಜೆ ಚಂದಾಪುರದ ನೆಂಟರ ಮನೆಗೆ ಹೋಗಿ ಮರುದಿನ ಬಂದರೆ ಬೀಗ ಒಡೆದಿತ್ತು, ದೇವರಿರಲಿಲ್ಲ ಎಂದಿದ್ದ ಮುನಿಕೃಷ್ಣ.

ಈಗ ಹೆಜ್ಜೆಗಳ ಸುತ್ತ ಜನ ಸೇರಿದರು.

"ಇದು ಮಾಲಿ ಭರಮಪ್ಪನ ಕೆಲಸ ಕಣ್ರೀ. ಹುಲ್ಲು ಸಾಯೋ ಔಷಧಿ ಇರೋದು ಅವನ ಹತ್ರ ಮಾತ್ರ."

"ಕಾಲಿಗೆಲ್ಲ ಔಷಧಿ ಹಚ್ಕೊಂಡು ಕಳ್ತನಕ್ಕೆ ಹೋಗಿದಾನೆ. ಜಾಣ."

ಯಾರೋ ನಕ್ಕರು. ಮುನಿಕೃಷ್ಣ ಮಾತ್ರ ಹೆಜ್ಜೆಗಳನ್ನೇ ನೋಡುತ್ತ ಸುಮ್ಮನೆ ನಿಂತಿದ್ದ. ಹತ್ತು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಈರಪ್ಪ ಬಂದು ಭರಮಪ್ಪನನ್ನು ಕರೆದೊಯ್ದ. ಸೋಮವಾರ ಕೋರ್ಟಿಗೆ ಹಾಜರುಪಡಿಸುತ್ತಾರೆ ಎಂದರು.

ಅವನ ಹೆಂಡತಿ ಹನುಮವ್ವ ನೇರವಾಗಿ ನಾಗಲಕ್ಷ್ಮಮ್ಮನ ಜಗಲಿಗೆ ಬಂದು ಕುಸಿದಳು. ನಾಗಲಕ್ಷ್ಮಮ್ಮನಿಗೆ ಅರವತ್ತೆಂಟು ವರ್ಷ. ಒಂದು ಕಾಲದಲ್ಲಿ ಅಲ್ಲೆಲ್ಲ ಅವರದೇ ರಾಗಿ ಹೊಲ. ಟ್ಯಾಂಕರ್ ನೀರು ಯಾರ ಮನೆಯ ಸಂಪಿನ ತೊಟ್ಟಿಗೆ ಕದ್ದು ಹೋಗುತ್ತಿದೆ ಎಂದು ಪಾಚಿ ನೋಡಿಯೇ ಹೇಳಿದವರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಕೃಪಾ ಇಂಥ ಪತ್ತೆಗಳಿಗೆಲ್ಲ ಅವರ ಜೊತೆಗಾತಿ.

"ಅವ್ವಾರ, ನನ್ನ ಗಂಡ ಕಳ್ಳ ಅಲ್ರಿ," ಎಂದಳು ಹನುಮವ್ವ.

"ಅಳೋದು ಆಮೇಲೆ ಇರ್ಲಿ. ಔಷಧಿ ಹೊಡೆದಿದ್ದು ಯಾವತ್ತು?"

"ಹೋದ ವಾರ ಬುಧವಾರ್ರಿ, ಇವತ್ತಿಗೆ ಹತ್ತು ದಿನ. ಆ ಹಳೇ ಹುಲ್ಲಿನ ಪಟ್ಟಿಯೊಳಗ ಬರೇ ಕಳೆ ತುಂಬಿತ್ತು. ಅದನ್ನ ಪೂರಾ ಸಾಯಿಸಿ, ಅಗದು, ಕೆಮ್ಮಣ್ಣು ಗೊಬ್ಬರ ಹಾಕಿ ಹೊಸಾ ಹುಲ್ಲು ಕೂಡ್ಸೂದಿತ್ತು. ಸಂಜಿ ಐದಕ್ಕ ಹೊಡದ. ನೀರು ಹೊತ್ತಾಕಿ ನಾನಽ."

"ಹೊಡೆಯೋವಾಗ ಹೆಂಗೆ ನಡೀತಾನೆ?"

"ಗಮ್‌ಬೂಟ್ ಹಾಕ್ಕೊಂಡು ಹಿಂದಕ್ಕ ಸರಕೋತ ಹೋಗ್ತಾನ್ರಿ. ಹೊಡದಿದ್ದನ್ನ ತುಳಿಯಂಗಿಲ್ಲ. ಮುನಿಕೃಷ್ಣ ಸಾಹುಕಾರ ಮನಿ ಕಡಿಂದ ಸುರು, ರಸ್ತೆ ನಳದ ಹತ್ರ ಮುಗೀತು. ಎರಡು ತಾಸಿನ್ಯಾಗ ಒಣಗತೈತಿ. ಆಮ್ಯಾಲ ತುಳದ್ರ ಏನೂ ಆಗಂಗಿಲ್ಲ. ಹುಲ್ಲು ಹಳದಿ ಆಗಾಕ ಎಂಟ್ಹತ್ತು ದಿನ ಬೇಕ್ರಿ."

ನಾಗಲಕ್ಷ್ಮಮ್ಮ ಹುಲ್ಲಿನ ಬಳಿ ಹೋಗಿ ಮಂಡಿಯೂರಿ, ಸತ್ತ ಹುಲ್ಲಿನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ನೋಡಿದರು. ಎದ್ದು ಕೃಪಾಳತ್ತ ತಿರುಗಿದರು.

"ಕೃಪಾ, ಈಗಿನ ಕಾಲದಲ್ಲಿ ಕತ್ತಲಾಗೋ ಹೊತ್ತಲ್ಲಿ ಯಾರಮ್ಮ ಬರಿಗಾಲಲ್ಲಿ ನಡೀತಾರೆ?"

ಕೃಪಾ ಹೆಜ್ಜೆಗಳು ಸಾಗಿದ ದಿಕ್ಕಿಗೆ, ಪಂಪ್ ಮನೆಯತ್ತ ನೋಡಿದಳು.

"ಪಂಪ್ ಮನೆ ಬೀಗದ ಕೈ ಯಾರ ಹತ್ರ ಐತೆ?"

"ಮುನಿಕೃಷ್ಣ ಅವರ ಹತ್ರ. ನೀರಿನ ಉಸ್ತುವಾರಿ ಅವರದೇ ಅಲ್ವಾ."

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಪಂಪ್ ಮನೆಯ ಮುಂದೆ ಸೇರಿದರು. ನಾಗಲಕ್ಷ್ಮಮ್ಮನ ಮಾತಿಗೆ ಒಪ್ಪಿ ಈರಪ್ಪ ಭರಮಪ್ಪನನ್ನೂ ಕರೆತಂದಿದ್ದ. ಒಂದೇ ರಾತ್ರಿಗೆ ಅವನ ಕಣ್ಣು ಒಳಗಿಳಿದಿತ್ತು.

"ಕಳವಾಗಿದ್ದು ಶುಕ್ರವಾರ ರಾತ್ರಿ ಅಂದ್ರಿ," ಎಂದು ಶುರುಮಾಡಿದರು ನಾಗಲಕ್ಷ್ಮಮ್ಮ. "ಔಷಧಿ ಹೊಡೆದಿದ್ದು ಬುಧವಾರ ಐದಕ್ಕೆ. ಒಣಗಿದ್ದು ಏಳಕ್ಕೆ. ಶುಕ್ರವಾರ ಬಂದ ಕಳ್ಳನ ಕಾಲಿಗೆ ಅದು ಅಂಟಕ್ಕಿಲ್ಲ. ಈ ಹೆಜ್ಜೆ ಇಟ್ಟಿದ್ದು ಬುಧವಾರ ಸಂಜೆ, ಐದರಿಂದ ಏಳರ ಒಳಗೆ."

"ಭರಮಪ್ಪನೇ ತುಳಿದಿರ್ಬೋದಲ್ಲ?" ಎಂದ ನಲ್ಲಪ್ಪ.

"ಅವನು ಹಿಂದಕ್ಕೆ ಸರೀತಾ ಹೊಡೀತಾನೆ. ಕೆಲಸ ಮುಗಿದಾಗ ರಸ್ತೆ ನಲ್ಲಿ ಹತ್ರ ಇದ್ದ, ಕಾಲಲ್ಲಿ ಗಮ್‌ಬೂಟಿತ್ತು. ಇವು ಬರಿಗಾಲು. ಶುರುವಾಗೋದು ಮುನಿಕೃಷ್ಣನ ಹಿತ್ತಲ ಬಾಗಿಲ ನೇರಕ್ಕೆ. ಮೊದಲ ಹೆಜ್ಜೆ ಗಾಢ, ಹೋಗ್ತಾ ಹೋಗ್ತಾ ತೆಳು. ಅಂದ್ರೆ ಆ ಮನೆಯಿಂದ ಬಂದವರು ಹಳೇ ಹುಲ್ಲಿನ ಹಸಿ ಔಷಧಿ ತುಳಿದು, ಈ ಹಸಿರಿನ ಮೇಲೆ ಇತ್ತ ಬಂದವ್ರೆ. ವಾಪಸ್ ಹೋಗೋವಾಗ ಅಂಗಾಲಲ್ಲಿ ಏನೂ ಉಳಿದಿರಲಿಲ್ಲ."

ಎಲ್ಲರ ಕಣ್ಣೂ ಮುನಿಕೃಷ್ಣನತ್ತ ತಿರುಗಿತು.

"ಇನ್ನು ಬರಿಗಾಲು ಯಾಕೆ? ಕಳ್ಳನಾಗಿದ್ರೆ ಚಪ್ಪಲಿ ಬಿಡ್ತಿರಲಿಲ್ಲ. ನಮ್ಮೋರು ಕೈಯಲ್ಲಿ ಅಮ್ಮನ್ನ ಹಿಡ್ಕೊಂಡಾಗ ಮಾತ್ರ ಚಪ್ಪಲಿ ಮೆಟ್ಟಕ್ಕಿಲ್ಲ. ಬಚ್ಚಿಡೋಕೆ ಹೊರಟೋನಿಗೂ ಅಷ್ಟು ಭಯ ಇತ್ತು. ಮುನಿಕೃಷ್ಣ, ಬೀಗ ತೆಗಿ."

"ದೊಡ್ಡಮ್ಮ," ಎಂದ ಅವನು. ಬೀಗದ ಕೈ ಕೊಟ್ಟುಬಿಟ್ಟ.

ಬಾಗಿಲು ತೆರೆದಾಗ ಕೃಪಾ ಬಾಯಿಗೆ ಸೆರಗು ಒತ್ತಿಕೊಂಡಳು. ಮೋಟಾರಿನ ಹಿಂದೆ, ಮಣೆಯ ಮೇಲೆ, ಮುತ್ಯಾಲಮ್ಮ ಅವರೆಲ್ಲರನ್ನೂ ನೋಡುತ್ತಿದ್ದಳು. ಹಣೆಯಲ್ಲಿ ಒದ್ದೆ ಕುಂಕುಮ. ಮುಡಿಯಲ್ಲಿ ಬಾಡದ ಮಲ್ಲಿಗೆ.

"ಹೂವು ಇವತ್ತಿನದು," ಎಂದರು ನಾಗಲಕ್ಷ್ಮಮ್ಮ. "ಭರಮಪ್ಪ ನಿನ್ನೆಯಿಂದ ಸ್ಟೇಷನ್‌ನಲ್ಲಿದಾನೆ. ಬುಧವಾರವೇ ಅಮ್ಮ ಇಲ್ಲಿಗೆ ಬಂದ ಮೇಲೆ, ಶುಕ್ರವಾರ ಬೆಳಿಗ್ಗೆ ಮನೇಲಿ ಯಾರಿಗೆ ಪೂಜೆ ಮಾಡ್ದೆ ಮುನಿಕೃಷ್ಣ? ಬೀಗಾನೂ ನೀನೇ ಒಡ್ದೆ, ಅಲ್ವಾ?"

ಅವನು ನೆಲಕ್ಕೆ ಕೂತ. "ಅಮ್ಮ ಮನೆಗೆ ಬಂದಾಗಿಂದ ನನ್ನ ಮಗಳಿಗೆ ಒಂದ್ಸಲಾನೂ ಮೂರ್ಛೆ ಬಂದಿಲ್ಲ. ಯುಗಾದಿಗೆ ಕಳಿಸಿದ್ರೆ ಮತ್ತೆ ಬರುತ್ತೇನೋ ಅಂತ..."

"ಅದಕ್ಕೆ ಇನ್ನೊಬ್ಬನ್ನ ಜೈಲಿಗೆ ಕಳಿಸ್ತೀಯ?"

ಮುನಿಕೃಷ್ಣ ತಲೆಯೆತ್ತಿ ಸುತ್ತ ನಿಂತವರನ್ನೆಲ್ಲ ನೋಡಿದ. "ನಾನು ಅವನ ಹೆಸರು ಹೇಳಲೇ ಇಲ್ಲ ದೊಡ್ಡಮ್ಮ. ಇವರೇ ಹೇಳಿದ್ದು. ನಾನು ಸುಮ್ಮನಿದ್ದೆ, ಅಷ್ಟೇ."

ಕೃಪಾಳಿಗೆ ಮುಖವಾಡ ಕಂಡಾಗ ಆದದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದಿತು. ಅವನ ಮಾತು ನಿಜವಾಗಿತ್ತು. ನಿನ್ನೆ ಬೆಳಿಗ್ಗೆ "ಭರಮಪ್ಪ ಅಲ್ಲ" ಎನ್ನದೆ ನಿಂತವರಲ್ಲಿ ಅವಳೂ ಇದ್ದಳು.

ಈರಪ್ಪ ಭರಮಪ್ಪನ ಭುಜದಿಂದ ಕೈ ತೆಗೆದ. "ಹೋಗಪ್ಪ." ಬಡಾವಣೆ ಸಂಘದ ಅಧ್ಯಕ್ಷರು ಮುಂದೆ ಬಂದು, "ತಪ್ಪಾಯ್ತು ಭರಮಪ್ಪ, ಮನಸ್ಸಿಗೆ ಹಚ್ಕೋಬೇಡ. ಇಲ್ಲೇ ಇರು," ಎಂದರು.

"ಒಂದು ದಿನಾನೂ ಇರೂದು ಬ್ಯಾಡ, ನಡಿ," ಎಂದಳು ಹನುಮವ್ವ ಗಂಡನಿಗೆ.

ಭರಮಪ್ಪ ಹಳೆಯ ಪಟ್ಟಿಯತ್ತ ನಡೆದು, ಒಣಗಿದ ಹುಲ್ಲನ್ನೊಮ್ಮೆ ಕಾಲಿನಿಂದ ಒತ್ತಿ ನೋಡಿದ.

"ಬೇರು ಸತ್ತಾವು. ನಾಳಿಂದ ಅಗೀಬೇಕು. ಹೊಸಾ ಹುಲ್ಲು ಕೂಡಿಸಿ ಹೋಗ್ತೀನ್ರಿ," ಎಂದ ಅಧ್ಯಕ್ಷರಿಗೆ. "ಕಳ್ಳ ಅಂದ್ರಿ, ಅದು ಸುಳ್ಳಾತು. ಅರ್ಧಾ ಬಿಟ್ಟ ಹೋದ್ರ ಕೆಲಸಾ ಬಾರದಾಂವ ಅಂತೀರಿ. ಅದು ಮಾತ್ರ ಬ್ಯಾಡ್ರಿ."

ಹನುಮವ್ವ ಜನರನ್ನು ಸರಿಸಿಕೊಂಡು ಹೋಗಿ ಗುದ್ದಲಿ ತಂದಳು.