ಪಿನ್ ಹೊಡೆದ ಕೊನೆಯ ಅಧ್ಯಾಯ

ಪಿನ್ನು ಹೊಡೆದದ್ದು ಹೊಡೆದ ಹಾಗೇ ಇತ್ತು. ಮಾಲಾ ಇನ್ನೊಂದು ಪುಸ್ತಕ ಎಳೆದಳು, ಮತ್ತೊಂದನ್ನೂ ಎಳೆದಳು. ಎಲ್ಲವೂ ಅಷ್ಟೇ. ಹಾಗಾದರೆ ಈ ಮಹಾಶಯ ಇಷ್ಟು ದಿನ ಓದಿದ್ದಾದರೂ ಏನನ್ನು?

ಬೆಳಗಿನಿಂದ ಅವಳ ಮನಸ್ಸು ನಿಂತಲ್ಲಿ ನಿಂತಿರಲಿಲ್ಲ. ಪಾಲಾಕ್ಷನಿಗೆ ಹಡಗಲಿಗೆ ವರ್ಗವಾಗಿತ್ತು, ಸೋಮವಾರದಿಂದ ಅಲ್ಲೇ ಡ್ಯೂಟಿ. ಅವನಿಗೊಂದು ಕೊನೆಯ ಪುಸ್ತಕ ಕೊಡೋಣವೆಂದು ಆಫೀಸಿನ ಕಪಾಟು ತೆರೆದರೆ, ಅವನು ತಾನೇ ವಾಪಸ್ ಜೋಡಿಸಿಟ್ಟ ಪುಸ್ತಕಗಳು ಹೀಗೆ ಅಣಕಿಸುತ್ತಿದ್ದವು.

ಕಾನಹೊಸಹಳ್ಳಿಯ ಆ ಕೃಷಿ ಆಫೀಸಿನಲ್ಲಿ ಶನಿವಾರದ ಚಹಾದ ಜೊತೆ ಪುಸ್ತಕಗಳೂ ಕೈ ಬದಲಾಗುತ್ತಿದ್ದವು. ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರು ಓದಲೇಬೇಕು. ರುಚಿ ಮಾತ್ರ ಒಬ್ಬೊಬ್ಬರದು ಒಂದೊಂದು ದಿಕ್ಕಿಗೆ. ಸಾಹೇಬರಾದ ಏಕಾಂತಪ್ಪನವರಿಗೆ ಶರಣರ ಚರಿತ್ರೆ, ಟೈಪಿಸ್ಟ್ ಅಮೃತಾಳಿಗೆ ಅಳಿಸುವ ಕಾದಂಬರಿ, ಪಾಲಾಕ್ಷನಿಗೆ ಪ್ರವಾಸ ಕಥನ, ಮಾಲಾಗೆ ಪತ್ತೇದಾರಿ. ಅವಳು ಕೊಟ್ಟ ಮೊದಲ ಪುಸ್ತಕದ ಕೊನೆಯ ಪುಟವನ್ನೇ ಮೊದಲು ಓದಿ, ಕೊಲೆಗಾರನ ಹೆಸರನ್ನು ಎಲ್ಲರೆದುರು ಒದರಿದವನು ಪಾಲಾಕ್ಷ. ಅಂದಿನಿಂದ ಅವನಿಗೆ ಕೊಡುವ ಪುಸ್ತಕದ ಕೊನೆಯ ಅಧ್ಯಾಯಕ್ಕೆ ಅವಳು ಸ್ಟೇಪ್ಲರ್ ಪಿನ್ ಹೊಡೆಯತೊಡಗಿದಳು. ಅವನೋ, "ಓದೀನ್ರಿ, ಆದ್ರೂ ಕೊನಿ ನಿಮ್ಮ ಬಾಯಾಗ ಒಮ್ಮೆ ಕೇಳಾಣ" ಎನ್ನುತ್ತಿದ್ದ. ಇವಳೂ ಹುರುಪಿನಿಂದ ಹೇಳುತ್ತಿದ್ದಳು. ಈಗ ನೆನೆದರೆ ಮೈಯೆಲ್ಲ ಉರಿಯಿತು.

ಪುಸ್ತಕಗಳನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಒಂದನ್ನಾದ್ರೂ ಓದೀರೇನ್ರಿ ನೀವು?"

"ಎಲ್ಲಾನೂ ಓದೀನ್ರಿ. ಪಿನ್ನಿನ ತನಕ."

"ಸುಳ್ಳು! ಬಾವ್ಯಾಗ ಸಿಕ್ಕ ಗಡಿಯಾರ ಯಾರದು, ಹೇಳ್ರಿ ನೋಡೋಣ?"

"ಕಂಪೌಂಡರಂದು. ಅಂವ ಬಲಗೈಗೆ ಕಟ್ಟತಿದ್ದ."

ಸರಿಯಾಗಿಯೇ ಹೇಳಿದ್ದ; ಅದು ನಡುವಿನ ಅಧ್ಯಾಯದ ಮಾತು, ಅವಳು ಹೇಳಿಕೊಟ್ಟದ್ದಲ್ಲ. ಅವಳ ಸಿಟ್ಟಿಗೆ ನಿಲ್ಲಲು ನೆಲವೇ ಸಿಗಲಿಲ್ಲ.

"ಮತ್ತ ಕೊನಿ ಯಾಕ ಬಿಟ್ರಿ?"

ಪಾಲಾಕ್ಷ ಕಿಟಕಿಯತ್ತ ನೋಡಿದ, ಪೆನ್ನಿನ ಕ್ಯಾಪ್ ಬಿಚ್ಚಿದ, ಮತ್ತೆ ಹಾಕಿದ. "ನಾನ ಓದಿಬಿಟ್ರ ನೀವು ಹೇಳೋದ್ರಾಗ ಏನ್ ಉಳೀತೈತ್ರಿ? ಕೊನಿ ಹೇಳುವಾಗ ನಿಮ್ಮ ಕಣ್ಣು ದೊಡ್ಡವಾಗ್ತಾವ. ಕೈಯಾಗಿನ ಚಾ ಆರಿದ್ದೂ ಗೊತ್ತಾಗಂಗಿಲ್ಲ ನಿಮಗ. ಅದನ್ನ ನೋಡಾಕಂತ ನಾ ವಾರಪೂರ್ತಿ ಕೊಲಿ ಕಥಿ ಓದತಿದ್ದೆ." ಆಮೇಲೆ ಮೆಲ್ಲಗೆ ಕೇಳಿದ: "ಹಡಗಲ್ಯಾಗ ನನಗ ಯಾರು ಹೇಳ್ತಾರ್ರಿ?"

ಈ ಮನುಷ್ಯ ತನಗೆ ಬೇಕು, ಬೇಕೇ ಬೇಕು ಎನಿಸಿತು ಮಾಲಾಗೆ. ಚೀಲದಿಂದ ಹೊಸ ಪುಸ್ತಕ ತೆಗೆದು, ಅವನೆದುರೇ ಕೊನೆಯ ಅಧ್ಯಾಯಕ್ಕೆ ಪಿನ್ ಹೊಡೆದಳು.

"ಇದರ ಕೊನಿ ಆಫೀಸ್‌ನಾಗ ಹೇಳಂಗಿಲ್ಲ. ಬೇಕಂದ್ರ ನಮ್ಮ ಮನಿಗೆ ಬರ್ರಿ."

"ನಾಳೆನ ಬರ್ತೀನ್ರಿ!"

"ಒಬ್ಬರ ಬರಬ್ಯಾಡ್ರಿ." ಅವಳ ಕಿವಿ ಕೆಂಪಾದವು. "ನಿಮ್ಮ ಅವ್ವಾರನ್ನ ಕರ್ಕೊಂಡ್ ಬರ್ರಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದದ್ದೇ ಕುರ್ಚಿ ಬಿಟ್ಟೆದ್ದ. ಆದರೆ ಹಳೆಯ ಚಟ ಎಲ್ಲಿ ಬಿಟ್ಟೀತು?

"ಅವ್ವ ಬಂದು ಕೇಳಿದ್ರ ನಿಮ್ಮ ಮನ್ಯಾಗ ಏನಂತಾರ? ಅಷ್ಟು ಈಗ ಹೇಳಿಬಿಡ್ರಿ ಮತ್ತ."

"ಅದಕ್ಕೂ ಪಿನ್ ಹೊಡದೀನಿ," ಎಂದಳು ಮಾಲಾ, ನಗು ತಡೆಯಲಾಗದೆ.