ಗೋಡೆಯಾಚೆಯ ಮಗ್ಗ

‘ಕಿಣ್’ ಎಂದಿತು. ಒಂದೇ ಒಂದು ಸಲ.

ಪ್ರೀತಿ ಕಣ್ಣು ಬಿಟ್ಟಳು. ಕತ್ತಲು. ಅವಳ ಮುಷ್ಟಿ ಖಾಲಿಯಾಗಿತ್ತು.

ಮಲಗುವಾಗ ಆ ಮುಷ್ಟಿಯಲ್ಲಿ ಆಯಿಯ ಸೆರಗಿನ ತುದಿ ಇತ್ತು. ಅದು ಪ್ರೀತಿಯ ಡ್ಯೂಟಿ. ಆಯಿ, ಅಂದರೆ ಅಪ್ಪನ ತಾಯಿ ಸಾವಿತ್ರೆವ್ವ, ರಾತ್ರಿ ಎದ್ದರೆ ಸೆರಗು ಎಳೆಯುತ್ತದೆ, ಪ್ರೀತಿಗೆ ಎಚ್ಚರವಾಗುತ್ತದೆ. ಅದೂ ತಪ್ಪಿದರೆ ಇರಲಿ ಎಂದು ಅವ್ವ ಬಾಗಿಲ ಚಿಲಕಕ್ಕೆ ಪ್ರೀತಿಯ ಹಳೆಯ ಗೆಜ್ಜೆಯೊಂದನ್ನು ಕಟ್ಟಿದ್ದಳು. ಸದ್ದು ಮಾಡಿದ್ದು ಆ ಗೆಜ್ಜೆ.

ಪ್ರೀತಿ ಬರಿಗಾಲಲ್ಲೇ ಓಡಿದಳು. ಓಣಿಯಲ್ಲಿ ಒಂದೇ ಒಂದು ಲೈಟು ಉರಿಯುತ್ತಿತ್ತು. ಅದರ ಕೆಳಗೆ, ಭಾಗವ್ವ ದೊಡ್ಡವ್ವನ ಮನೆಯ ಮುಂದೆ, ಆಯಿ ತಲೆತುಂಬ ಸೆರಗು ಹೊದ್ದು ಬಾಗಿಲು ಬಡಿಯುತ್ತಿದ್ದಳು.

“ಭಾಗವ್ವಾ! ಏ ಭಾಗವ್ವಾ! ಬಾಗಲಾ ತಗಿ ಬೇ. ಯಾರು ಹ್ವಾದ್ರು?”

ಬಾಗಿಲು ತೆರೆಯಿತು. ಭಾಗವ್ವನ ಕೂದಲು ಬಿಚ್ಚಿತ್ತು. ಅವಳ ಗಂಡ ಕಾಶಪ್ಪ ಎದೆಯ ಆಪರೇಶನ್ ಆಗಿ ಮೀರಜದ ದವಾಖಾನೆಯಲ್ಲಿದ್ದ. ಮಗ ಅಲ್ಲೇ ಜೊತೆಗಿದ್ದ.

“ನಿಮ್ಮನ್ಯಾಗ ಯಾರು ಸತ್ತಾರ?” ಆಯಿ ಮೆಲ್ಲಗೆ ಕೇಳಿದಳು.

ಭಾಗವ್ವ ಹೊಸ್ತಿಲ ಮೇಲೆ ಕುಸಿದು ಕೂತಳು. ಆಯಿಯನ್ನು ದಾಟಿ ಅವಳ ಕಣ್ಣು ಪ್ರೀತಿಯ ಮೇಲೆ ಬಿತ್ತು. “ಫೋನ್ ಬಂತೇನ ಪ್ರೀತಿ? ನಿಮ್ಮನಿಗೆ ಫೋನ್ ಬಂತೇನ ಮೀರಜದಿಂದ? ಖರೆ ಹೇಳು ನನ್ನವ್ವಾ!”

“ಇಲ್ಲ ದೊಡ್ಡವ್ವ, ಯಾ ಫೋನೂ ಬಂದಿಲ್ಲ. ಆಯಿ ಸುಳ್ಳ ಹೇಳಾಕತ್ತಾಳ.”

“ನಾ ಯಾಕ ಸುಳ್ಳ ಹೇಳ್ಲಿ?” ಆಯಿ ಕಿವಿಯ ಹತ್ತಿರ ಬೆರಳಿಟ್ಟುಕೊಂಡಳು. “ನೀನ ಕೇಳಿ ನೋಡು. ಏನರ ಕೇಳಸ್ತೈತೇನು?”

ಪ್ರೀತಿ ಕಿವಿಗೊಟ್ಟಳು. ಎಲ್ಲೋ ದೂರದಲ್ಲಿ ನಾಯಿಯೊಂದು ಬೊಗಳಿ ಸುಮ್ಮನಾಯಿತು. ಬೇರೇನೂ ಇರಲಿಲ್ಲ.

*

ಬೆಳಿಗ್ಗೆ ಭಾಗವ್ವ ಬಂದಾಗ ಅವ್ವ ಅಡುಗೆಮನೆಯಲ್ಲೇ ಉಳಿದಳು. ಅವಳಿಗೆ ಮುಖ ತೋರಿಸುವುದಕ್ಕೆ ನಾಚಿಕೆಯಾಗಿತ್ತು.

“ನಾ ಜಗಳಕ್ಕ ಬಂದಿಲ್ಲೋ ಚಿದಾನಂದ,” ಎಂದಳು ಭಾಗವ್ವ ಅಪ್ಪನಿಗೆ. “ಸಾವಿತ್ರೆವ್ವ ನನ್ನ ಕೈ ಹಿಡದು ಕಂಡಕಿಗೆ ನೂಲ ಸುತ್ತೂದು ಕಲಿಸಿದಾಕಿ. ಆದ್ರ ಇನ್ನೊಮ್ಮೆ ಹಿಂಗ ಬಾಗಲಾ ಬಡದ್ರ, ನಮ್ಮವ್ರು ಆರಾಮಾಗಿ ಮನಿಗೆ ಬರ್ತಾರ, ನಾ ಮ್ಯಾಲ ಹೋಗಿರ್ತೇನಿ.”

ಅಪ್ಪ ತಲೆ ತಗ್ಗಿಸಿದ. ಅಲ್ಲೇ ಗೋಡೆಗೆ ಒರಗಿ ಕೂತಿದ್ದ ಆಯಿ, “ಯಾರು ಬೇ ನೀನು? ಕುಂದ್ರು, ಚಾ ಕುಡಿ,” ಎಂದು ನಕ್ಕಳು.

ಆಯಿಗೆ ಮರೆವಿನ ಕಾಯಿಲೆ. ಮೊದಲು ಚಾಕ್ಕೆ ಉಪ್ಪು ಹಾಕುತ್ತಿದ್ದಳು, ಅದಕ್ಕೆ ಮನೆಯವರೆಲ್ಲ ನಗುತ್ತಿದ್ದರು. ಆಮೇಲೆ ಹೆಸರುಗಳು ಮರೆತವು. ಎರಡು ತಿಂಗಳ ಹಿಂದೆ ಒಂದು ರಾತ್ರಿ ಮಗ್ಗದ ಕೋಣೆಗೆ ಹೋಗಿ, ಹರಿದ ಎಳೆ ಕಟ್ಟಲು ನಡೆಯುತ್ತಿದ್ದ ಮಗ್ಗದೊಳಗೆ ಕೈ ಹಾಕಿದ್ದಳು. ಕೈಮಗ್ಗದ ಕಾಲದಲ್ಲಿ ಹಾಗೆ ಮಾಡಬಹುದಿತ್ತಂತೆ. ಪಾವರ್‌ಲೂಮಿನ ಲಾಳಿ ಕೈ ಕಂಡು ನಿಲ್ಲುವುದಿಲ್ಲ. ಎರಡು ಬೆರಳು ಮುರಿದವು.

“ಅವರಿಗೆ ನಿದ್ದಿ ಬೇಕು. ಗದ್ದಲ ಇಲ್ಲದಂಗ ನೋಡ್ಕೊರಿ,” ಎಂದಿದ್ದರು ಜಮಖಂಡಿಯ ಡಾಕ್ಟರ್.

ಅಪ್ಪ ಅಂದೇ ರಾತ್ರಿಪಾಳಿ ನಿಲ್ಲಿಸಿಬಿಟ್ಟ. ಓಣಿಯ ಉಳಿದ ಮಗ್ಗಗಳೆಲ್ಲ ರಾತ್ರಿ ಒಂಬತ್ತಕ್ಕೇ ನಿಲ್ಲುತ್ತಿದ್ದವು. ಬೆಳತನಕ ನಡೆಯುತ್ತಿದ್ದದ್ದು ಅಪ್ಪನ ನಾಲ್ಕೇ. ಈಗ ಅವೂ ನಿಂತವು. ಆದರೂ ಆಯಿ ಮಲಗಲಿಲ್ಲ. ದಿನಾ ರಾತ್ರಿ ಎದ್ದು ತಲೆಗೆ ಸೆರಗು ಹೊದ್ದು ಹೊರಡುತ್ತಿದ್ದಳು. ಕೀಲಿ ಹಾಕಿದರೆ ಒಳಗಿನಿಂದ ಬಾಗಿಲು ಬಡಿದು ಓಣಿಯನ್ನೇ ಎಬ್ಬಿಸುತ್ತಿದ್ದಳು. ಒಮ್ಮೆ ಅಪ್ಪನಿಗೆ ಸಿಕ್ಕಿದ್ದು ರಾತ್ರಿ ಎರಡಕ್ಕೆ, ಲಾರಿ ಓಡಾಡುವ ರೋಡಿನ ನಡುವೆ.

“ಇನ್ನ ನನ್ನ ಕೈಲಿ ಆಗಂಗಿಲ್ರೀ,” ಎಂದಳು ಅವ್ವ, ಭಾಗವ್ವ ಹೋದ ಮೇಲೆ. “ಆ ಡಾಕ್ಟರ್ ಕೊಟ್ಟ ಚೀಟ್ಯಾಗ ಎರಡ ಆಶ್ರಮದ ಹೆಸರಾವಲ್ಲ, ಒಮ್ಮೆ ನೋಡಿ ಬರೂಣು.”

ಅಪ್ಪ ಬೀಳಗಿಯಲ್ಲಿದ್ದ ತನ್ನ ಅಕ್ಕ ಸಾತವ್ವನಿಗೆ ಫೋನ್ ಮಾಡಿದ. ಸಾತವ್ವ ಅತ್ತಿಯ ದನಿ ಫೋನಿನಿಂದ ಹೊರಗೆ ಕೇಳುತ್ತಿತ್ತು.

“ಹಡದಾಕಿನ್ನ ಆಶ್ರಮಕ್ಕ ಹಾಕ್ತಿಯೇನೋ? ಮಂದಿ ಏನಂದಾರು?”

ಅವ್ವ ಫೋನ್ ಇಸಿದುಕೊಂಡಳು. “ಹಂಗಾರ ನೀವರ ಕರಕೊಂಡ ಹೋಗ್ರಿ, ಸಾತಕ್ಕ.”

ಅತ್ತಿ ಈಗ ಸಣ್ಣ ದನಿಯಲ್ಲಿ, “ನಮ್ಮನಿ ಹಿತ್ತಲದಾಗ ಹಿನ್ನೀರು ನಿಂತಾವ ಸರಿತಾ. ರಾತ್ರಿ ಎದ್ದು ನೀರಿಗಿಳದ್ರ ನಾ ಏನ ಮಾಡ್ಲಿ?” ಎಂದಳು. ಅತ್ತಿ ಅಳುತ್ತಿರುವುದು ಅವ್ವನಿಗೆ ಆತು ನಿಂತಿದ್ದ ಪ್ರೀತಿಗೆ ಗೊತ್ತಾಯಿತು.

*

ಚೀಟಿಯಲ್ಲಿದ್ದ ಎರಡು ಹೆಸರುಗಳಲ್ಲಿ ಒಂದನ್ನು ಅವ್ವ ಆಗಲೇ ಹೊಡೆದುಹಾಕಿದ್ದಳು. ಅದು ರಬಕವಿಯದು. “ಅದು ಮಗ್ಗದ ಶೆಡ್ಡಿನ ಗ್ವಾಡಿಗೆ ಹಚ್ಚಿ ಐತಂತ. ಹಗಲೂ ರಾತ್ರಿ ಖಟಾಖಟ್ ಸಪ್ಪಳ. ಬ್ಯಾಡ.”

ಉಳಿದದ್ದು ಮುಧೋಳದ ಆಚೆ, ಹೊಲಗಳ ನಡುವೆ ಇತ್ತು. ರವಿವಾರ ನಾಲ್ವರೂ ಬಸ್ಸಿನಲ್ಲಿ ಹೋದರು. ಬಿಳಿ ಕಟ್ಟಡ, ಮುಂದೆ ದಾಸವಾಳದ ಗಿಡಗಳು, ನುಣುಪಾದ ಟೈಲ್ಸ್. ಒಳಗೆ ಸಾಲಾಗಿ ಹಾಸಿಗೆಗಳು. ಯಾರೂ ಮಾತಾಡುತ್ತಿರಲಿಲ್ಲ.

“ಇಲ್ಲಿ ಬರೇ ಶಾಂತಿ ನೋಡ್ರಿ,” ಎಂದ ಮ್ಯಾನೇಜರ್ ಹೆಮ್ಮೆಯಿಂದ. “ಫ್ಯಾನಿನ ಸಪ್ಪಳಾನೂ ಆಗಂಗಿಲ್ಲ.”

ಅಪ್ಪನ ಮುಖ ಎಷ್ಟೋ ದಿನಗಳ ಮೇಲೆ ಹಗುರಾಯಿತು. “ಯವ್ವಾ, ಹೆಂಗನಸ್ತೈತಿ?” ಎಂದು ಕೇಳಿದ.

ಆಯಿ ಸುತ್ತ ನೋಡಿದಳು. ನಿಧಾನವಾಗಿ ಸೆರಗು ಎಳೆದು ತಲೆತುಂಬ ಹೊದ್ದುಕೊಂಡಳು. ಚಪ್ಪಲಿ ಬಿಟ್ಟು, ಸದ್ದಾಗದ ಹಾಗೆ ಒಳಗೆ ಹೋಗಿ, ಬಾಳೆಹಣ್ಣು ತಿನ್ನುತ್ತಿದ್ದ ಒಬ್ಬ ಅಜ್ಜಿಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು.

“ಅಳಬ್ಯಾಡ ತಂಗಿ,” ಎಂದಳು. “ಮಣ್ಣ ಎಷ್ಟ ಗಂಟೆಕ್ಕ?”

ಯಾರನ್ನು ಹೂಳುವುದು ಎಂದು ಪಾಪ ಆ ಅಜ್ಜಿಗೆ ಏನು ಗೊತ್ತು? ಆದರೂ ಅವಳ ಬಾಯಿ ಸೊಟ್ಟಗಾಯಿತು. ಬಾಳೆಹಣ್ಣು ಹಿಡಿದುಕೊಂಡೇ ಅಳತೊಡಗಿದಳು. ಆಯಿ ಅವಳ ಬೆನ್ನು ಸವರುತ್ತ ತಾನೂ ಅತ್ತಳು. ಆಚೆ ಹಾಸಿಗೆಯ ಇನ್ನೊಬ್ಬಳು ಎದ್ದು ಕೂತಳು.

“ಏನ್ರೀ ಇದು?” ಎಂದ ಮ್ಯಾನೇಜರ್.

ಪ್ರೀತಿ ಆಯಿಯ ಮುಖವನ್ನೇ ನೋಡುತ್ತಿದ್ದಳು. ಅದೇ ಸೆರಗು. ಅದೇ ಮೆಲುದನಿ. ಭಾಗವ್ವನ ಬಾಗಿಲ ಮುಂದೆ ನಿಂತಾಗಲೂ ಆಯಿ ಹೀಗೇ ಇದ್ದಳು.

*

ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಬಸ್ಸು ಗಡಗಡ ಎನ್ನುತ್ತಿತ್ತು. ಕಿಟಕಿಯ ಗಾಜು ಬಡಿದುಕೊಳ್ಳುತ್ತಿತ್ತು. ಆಯಿ ಏಳಲಿಲ್ಲ.

“ಅಪ್ಪಾ,” ಎಂದಳು ಪ್ರೀತಿ. “ಯಾರರ ಸತ್ರ ಓಣ್ಯಾಗ ಮಗ್ಗಾ ಬಂದ್ ಮಾಡ್ತಾರಲ್ಲ?”

“ಹ್ಞೂಂ. ಮಣ್ಣಾಗೂತನಕ ಯಾರೂ ಹಾಕಂಗಿಲ್ಲ.”

“ಮುತ್ಯಾ ಹ್ವಾದಾಗೂ?”

“ನಮ್ಮಪ್ಪ ಹ್ವಾದದ್ದು ರಾತ್ರಿ. ಆಗೆಲ್ಲ ಇಡೀ ಓಣಿ ರಾತ್ರಿಪಾಳಿ ನಡಸ್ತಿತ್ತು. ಮದ್ಲ ನಿಮ್ಮ ಆಯಿ ಹೋಗಿ ನಮ್ಮ ಮಗ್ಗದ ಸ್ವಿಚ್ ಆರಿಸಿದ್ಲು. ಆಮ್ಯಾಲ ಬಾಜೂದವ್ರದು ನಿಂತು. ಆಮ್ಯಾಲ ಅವ್ರ ಬಾಜೂದವ್ರದು. ಯಾರಿಗೂ ಹೇಳಿ ಕಳಿಸೂದ ಬೇಕಾಗ್ಲಿಲ್ಲ. ಸಪ್ಪಳ ನಿಂತದ್ದು ಕೇಳಿ ಮಂದಿ ಎದ್ದು ತಾವ ಬಂದು, ಯಾರು ಹ್ವಾದ್ರು ಅಂತ...”

ಅಪ್ಪನ ಮಾತು ಅಲ್ಲೇ ತುಂಡಾಯಿತು.

ಅವನು ಆಯಿಯ ಕಡೆ ತಿರುಗಿದ. ಬಹಳ ಹೊತ್ತು ನೋಡಿದ. ಅವ್ವನೂ ನೋಡಿದಳು.

“ಎರಡ ತಿಂಗಳಾತು,” ಎಂದ ಅಪ್ಪ, ಯಾರಿಗೂ ಅಲ್ಲದ ಹಾಗೆ. “ದಿನಾ ರಾತ್ರಿ ನಾನ ಬಂದ್ ಮಾಡೇನಿ.”

ಆ ರಾತ್ರಿ ಅಪ್ಪ ಮಗ್ಗದ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡ. ನಾಲ್ಕೂ ಮಗ್ಗಗಳು ಶುರುವಾದವು. ಖಟ್ ಖಟಾ, ಖಟ್ ಖಟಾ. ಪ್ರೀತಿ ಸೆರಗು ಹಿಡಿದು ಕಾದಳು. ಆಯಿ ಎದ್ದಳು. ಓಣಿಯ ಬಾಗಿಲಿಗೆ ಹೋಗಲಿಲ್ಲ. ಮಗ್ಗದ ಕೋಣೆಯ ಬಾಗಿಲಿಗೆ ಹೋದಳು.

“ಎಳಿ ಹರದೈತೋ! ಬಾಗಲಾ ತಗಿ! ನನ್ನ ಮಗ್ಗಾ ಕೆಡಸ್ತೀರಿ!” ಬೆರಳು ಮುರಿದಿದ್ದ ಕೈಯಿಂದಲೇ ಬಡಿದಳು. ಅವ್ವ ಆ ಕೈ ಹಿಡಿದುಕೊಂಡಳು. ಆಯಿ ಇನ್ನೊಂದು ಕೈಯಿಂದ ಬಡಿದಳು.

ಬೆಳಗಿನ ಜಾವ ಮೂವರೂ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದರು. ಅಪ್ಪ ಹೊರಗೆ ಬಂದು ಅವರ ಎದುರಿಗೇ ಕೂತ. ನಿಲ್ಲಿಸಿದರೆ ಆಯಿ ಓಣಿಗೆ ಹೋಗುತ್ತಾಳೆ. ನಡೆಸಿದರೆ ಬೆಳತನಕ ಈ ಬಾಗಿಲು ಬಡಿಯುತ್ತಾಳೆ, ತೆರೆದರೆ ಮಗ್ಗದೊಳಗೆ ಕೈ ಹಾಕುತ್ತಾಳೆ.

“ಅವ್ವಾ,” ಎಂದಳು ಪ್ರೀತಿ. “ನೀ ಚೀಟ್ಯಾಗ ಹೊಡದ್ಯಲ್ಲ, ಆ ರಬಕವಿದು. ಅಲ್ಲಿ ಮಗ್ಗಾ ಗ್ವಾಡಿ ಆಚಿಕ ಅದಾವಲ್ಲ?”

“ಹ್ಞೂಂ. ಅದಕ್ಕ ಬ್ಯಾಡ ಅಂದಿದ್ದು.”

“ಸಪ್ಪಳ ಇರ್ತೈತಿ. ಬಡಿಯಾಕ ಬಾಗಲ ಇರಂಗಿಲ್ಲ.”

ಅವ್ವ ಅಪ್ಪನ ಮುಖ ನೋಡಿದಳು.

*

ರಬಕವಿಯ ಮನೆ ಹಳೆಯದು. ನೆಲಕ್ಕೆ ಕಡಪಾ ಕಲ್ಲು. ದಾಸವಾಳ ಇರಲಿಲ್ಲ, ತುಳಸಿ ಗಿಡ ಒಂದಿತ್ತು. ಅದನ್ನು ನಡೆಸುತ್ತಿದ್ದ ನರ್ಸಬಾಯಿ ಬಾಗಿಲಲ್ಲೇ ಜೋರು ದನಿಯಲ್ಲಿ ಹೇಳಿಬಿಟ್ಟಳು: “ಮದ್ಲ ಕೇಳ್ಕೊರಿ. ಈ ಸಪ್ಪಳಕ್ಕ ಭಾಳ ಮಂದಿ ವಾಪಸ್ ಹೋಗ್ಯಾರ. ನಾ ಏನೂ ಮಾಡಾಕ ಬರಂಗಿಲ್ಲ. ಉಳದದ್ದೆಲ್ಲಾ ಮಾಡ್ತೇನಿ. ರಾತ್ರಿ ಒಬ್ಬಾಕಿ ಎಚ್ಚರ ಇರ್ತಾಳ. ಗೇಟಿಗೆ ಕೀಲಿ ಇರ್ತೈತಿ. ಅವರು ಅತ್ರ ಬಾಜೂಕ ಕೂಡ್ತೇವಿ.”

ಪ್ರೀತಿಗೆ ಅವಳು ಇಷ್ಟವಾದಳು.

ಆಯಿ ಗೋಡೆಯ ಪಕ್ಕದ ಹಾಸಿಗೆಯ ಮೇಲೆ ಕೂತಳು. ಆಚೆಯಿಂದ ಖಟ್ ಖಟಾ, ಖಟ್ ಖಟಾ. ಆಯಿ ತಲೆ ವಾಲಿಸಿ ಆಲಿಸಿದಳು. ಪ್ರೀತಿಗೆ ಉಸಿರು ಬಿಡಲೂ ಹೆದರಿಕೆ.

“ಮೂರನೇ ಮಗ್ಗಾ ತಪ್ಪಾಕತ್ತೈತಿ,” ಎಂದಳು ಆಯಿ.

“ಹೋಗಿ ನೋಡ್ತೀಯೇನ ಬೇ?” ಪ್ರೀತಿ ಕೇಳಿದಳು. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು.

“ನಾ ಯಾಕ? ಅವ್ರದು ಅವ್ರು ನೋಡ್ಕೋತಾರ.” ಆಯಿ ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿಸಿದಳು. ಹಾಗೇ ಗೋಡೆಗೆ ಒರಗಿದಳು. ಮುರಿದು ಕೂಡಿದ್ದ ಬೆರಳುಗಳು ಮಡಿಲಲ್ಲಿ ಇಲ್ಲದ ಎಳೆಗೆ ಗಂಟು ಹಾಕುತ್ತಿದ್ದವು. ಸ್ವಲ್ಪ ಹೊತ್ತಿಗೆ ಅವೂ ಸುಮ್ಮನಾದವು.

ಅವ್ವ ಬಾಯಿಗೆ ಸೆರಗು ಹಿಡಿದುಕೊಂಡಳು. “ಮಲ್ಕೊಂಡ್ರು,” ಎಂದಳು.

*

ಮುಂದಿನ ಶನಿವಾರ ಆಯಿಯ ಟ್ರಂಕು, ಎರಡು ಹೊದಿಕೆ, ಮುತ್ಯಾನ ಫೋಟೋ ತೆಗೆದುಕೊಂಡು ಅಲ್ಲಿಗೆ ಹೋದರು. ಆಯಿ, ಅವ್ವ, ಪ್ರೀತಿ ರಿಕ್ಷಾದಲ್ಲಿ, ಅಪ್ಪ ಹಿಂದೆ ಮೋಟರ್‌ಸೈಕಲ್ಲಿನ ಮೇಲೆ. ಅಪ್ಪ ಫಾರ್ಮ್ ತುಂಬಿ ಸಹಿ ಮಾಡಿದ. ಒಂದೇ ಸಹಿಗೆ ಅವನಿಗೆ ತುಂಬ ಹೊತ್ತು ಹಿಡಿಯಿತು. ಆಮೇಲೆ ಬಗ್ಗಿ ಆಯಿಯ ಪಾದ ಮುಟ್ಟಿದ.

“ಛಲೋ ಇರಪ್ಪಾ,” ಎಂದಳು ಆಯಿ.

ಅಪ್ಪ ಸರಸರ ಹೊರಗೆ ಹೋಗಿ ಗೇಟಿನ ಕಂಬಿ ಹಿಡಿದು, ಇವರಿಗೆ ಬೆನ್ನು ಮಾಡಿ ನಿಂತ. ಅವ್ವ ನರ್ಸಬಾಯಿಗೆ ಗುಳಿಗೆಗಳನ್ನು ತೋರಿಸುತ್ತಿದ್ದಳು. ಪ್ರೀತಿ ಒಬ್ಬಳೇ ಹಾಸಿಗೆಯ ಪಕ್ಕ ಉಳಿದಳು.

ಆಯಿ ಅವಳನ್ನು ಹತ್ತಿರ ಎಳೆದುಕೊಂಡಳು. ಕಿಟಕಿಯ ಆಚೆ ಗೇಟಿನ ಕಡೆ ಗದ್ದ ಎತ್ತಿ ತೋರಿಸಿದಳು.

“ತಂಗಿ, ಆ ಮನಶ್ಯಾ ಯಾರು?”

ಪ್ರೀತಿ ಗೇಟಿನ ಕಡೆ ನೋಡಿ ಆಯಿಯ ಕಡೆ ತಿರುಗಿದಳು. “ಯಾಕ ಆಯಿ?”

“ಆವಾಗಿಂದ ಅಳಾಕತ್ತಾನ, ಪಾಪ. ಮನಿಗೆ ಹೋಗಂತ ಹೇಳವಾ. ಹೊತ್ತಾತು. ಅವನವ್ವ ಹಾದಿ ಕಾಯ್ತಿರ್ತಾಳ.”

ಗೋಡೆಯಾಚೆ ಮಗ್ಗಗಳು ನಡೆಯುತ್ತಲೇ ಇದ್ದವು.

“ಹೇಳ್ತೀಯಲ್ಲಾ?”

“ಹೇಳ್ತೇನಿ ಆಯಿ,” ಎಂದಳು ಪ್ರೀತಿ.

ಮನೆಗೆ ತಿರುಗುವಾಗ ಗಾಡಿಯ ಮೇಲೆ ಅವಳು ಅಪ್ಪ ಅವ್ವರ ನಡುವೆ ಕೂತಳು. ಬನಹಟ್ಟಿಯ ತಿರುವಿನಲ್ಲಿ ನೂಲಿನ ಮೂಟೆಗಳ ಟೆಂಪೋ ಅಡ್ಡ ಬಂತು. ಅಪ್ಪ ಗಾಡಿ ನಿಲ್ಲಿಸಿದ.

“ಪ್ರೀತಿ,” ಎಂದ, ತಿರುಗದೆ. “ಕಡೀಕ ಆಯಿ ನಿನಗ ಏನೋ ಹೇಳಾಕತ್ತಿದ್ಲು. ಏನಂದ್ಲು?”

ಪ್ರೀತಿ ಅಪ್ಪನ ಬೆನ್ನು ನೋಡಿದಳು. ಅಂಗಿಗೆ ನೂಲಿನ ಬಿಳಿ ದೂಳು ಅಂಟಿತ್ತು.

“ಮನಿಗೆ ಹೋಗಂತ ಹೇಳು ಅಂದ್ಲು. ಹೊತ್ತಾತು ಅಂದ್ಲು.”

“ನನಗ?”

“ಹ್ಞೂಂ. ನಿನಗ.”

ಅಪ್ಪನ ಹೆಗಲು ಒಮ್ಮೆ ಅಲುಗಿತು. “ನೋಡಿದ್ಯಾ ಸರಿತಾ,” ಎಂದ. “ಇಷ್ಟೆಲ್ಲಾ ಆದ್ರೂ ನನ್ನ ಚಿಂತಿ ಬಿಟ್ಟಿಲ್ಲ ಆಕಿ.”

ಟೆಂಪೋ ಸರಿಯಿತು. ಗಾಡಿ ಹೊರಟಿತು. ಪ್ರೀತಿ ಅಪ್ಪನ ಬೆನ್ನಿಗೆ ಹಣೆ ಒತ್ತಿ, ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು, ರಾತ್ರಿ ಆಯಿಯ ಸೆರಗು ಹಿಡಿಯುತ್ತಿದ್ದ ಹಾಗೆ. ಅದಕ್ಕೂ ಮೊದಲು ಆಯಿ ಕೇಳಿದ್ದ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಅಪ್ಪನಿಗೆ ಹೇಳುವುದಿಲ್ಲ, ಅವ್ವನಿಗೂ ಇಲ್ಲ, ಭಾಗವ್ವ ದೊಡ್ಡವ್ವ ಎಷ್ಟು ಕೇಳಿದರೂ ಇಲ್ಲ ಎಂದುಕೊಂಡಳು.